ಮೆಟ್ಟಿಲ ಕೆಳಗಿನ ಬೆಳಕು

ಪುತ್ತೂರಿನ ದೀಪದ ಅಂಗಡಿಯ ವೆಂಕಟ್ರಮಣ ನಾಲ್ಕನೆಯ ದೀಪದ ಸ್ವಿಚ್ಚು ಒತ್ತಿದಾಗ ನಶೀದಾ ದೀಪವನ್ನು ನೋಡಲಿಲ್ಲ, ಗಂಡನ ಬೆರಳುಗಳನ್ನು ನೋಡಿದಳು. ಶಿಹಾಬ್ ಬಲಗೈಯನ್ನು ದೀಪದ ಬಟ್ಟೆಯ ಕೊಡೆಯ ಕೆಳಗೆ ಒಡ್ಡಿ, ಬಿಸಿ ಬರುತ್ತದೋ ಎಂದು ಪರೀಕ್ಷಿಸುತ್ತಿದ್ದ. ತೋರುಬೆರಳು ಮತ್ತು ನಡುಬೆರಳಿನ ತುದಿ ಸಿಗರೇಟು ಸೇದುವವರದ್ದರ ಹಾಗೆ ಹಳದಿಯಾಗಿ ಕಂಡವು. ಆದರೆ ಹಳದಿ ಬೆಳಕಿನಲ್ಲಿ ಯಾರ ಬೆರಳಾದರೂ ಹಳದಿಯೇ ಅಲ್ಲವೇ ಎಂದು ತನ್ನ ಕೈಯನ್ನೂ ಮೆಲ್ಲನೆ ಒಡ್ಡಿದಳು. ಅದೂ ಹಳದಿಯೇ. ಅತ್ತೆ ಹವ್ವಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ಸೊಸೆಯ ಕೈಯನ್ನು ನೋಡಿ ಮುಖ ತಿರುಗಿಸಿದರು. ಯಾಕೆ ತಿರುಗಿಸಿದರು? "ಬಿಳಿ ಬೆಳಕಿನದ್ದು ಇಲ್ವಾ?" ಎಂದು ನಶೀದಾ ಕೇಳಿದಳು. "ಉಂಟಲ್ಲ ಅಕ್ಕ. ಆದ್ರೆ ಹಾಲ್‌ಗೆ ಯಾರೂ ಬಿಳಿ ತಗೊಳ್ಳುದಿಲ್ಲ. ಇದ್ರಲ್ಲಿ ನೋಡಿ, ಬಂದವರ ಮುಖ ಎಷ್ಟು ಚಂದ ಕಾಣ್ತದೆ." "ನನಗೆ ಮುಖ ಅಲ್ಲ, ನೆಲ ಕಾಣ್ಬೇಕು." ವೆಂಕಟ್ರಮಣ ನಕ್ಕ. "ನೆಲ ನೋಡ್ಲಿಕ್ಕೆ ಟಾರ್ಚ್ ಸಾಕಲ್ಲ ಅಕ್ಕ, ಫ್ಲೋರ್ ಲ್ಯಾಂಪ್ ಎಂತಕ್ಕೆ?" ಶಿಹಾಬ್ ಕೂಡ ನಕ್ಕ. ಆ ನಗು ಬೇಕಾದುದಕ್ಕಿಂತ ಒಂದು ಗುಟುಕು ಹೆಚ್ಚಾಯಿತೆಂದು ಅವಳಿಗೆ ಅನಿಸಿತು.

ದೀಪ ಬೇಕೆಂದು ಹೇಳಿದವಳು ಅವಳೇ. ನರಿಮೊಗರಿನ ಅವರ ಮನೆಯಲ್ಲಿ ಹಾಲ್‌ನ ಒಂದು ಬದಿಗೆ ಮಾಳಿಗೆಯ ಮೆಟ್ಟಿಲು ಏರುತ್ತದೆ. ಅದರ ಕೆಳಗಿನ ಮೂಲೆಗೆ ಮಧ್ಯಾಹ್ನದ ಬೆಳಕೂ ತಲುಪುವುದಿಲ್ಲ. ಮೂರು ವಾರದಿಂದ ಆ ಮೂಲೆಯಿಂದ ತಂಬಾಕಿನ ವಾಸನೆ ಬರುತ್ತಿತ್ತು. ದಿನವೂ ಬರುತ್ತಿತ್ತೆಂದೂ ಇಲ್ಲ. ಎರಡು ಗಂಟೆಗೆ ಅವಳು ಮಹಿಳಾ ಮಂಡಲದ ಕೋಣೆಯಲ್ಲಿ ಹೊಲಿಗೆ ಕಲಿಸಲು ಹೋಗಿ ನಾಲ್ಕಕ್ಕೆ ತಿರುಗಿ ಬಂದಾಗ, ಚಪ್ಪಲಿ ಬಿಡುವಷ್ಟರಲ್ಲಿ ಮೂಗಿಗೆ ತಾಗಿ, ಒಳಗೆ ಬಂದು ಹುಡುಕಿದರೆ ಇರುತ್ತಿರಲಿಲ್ಲ. ಫ್ಯಾನು ಜೋರಾಗಿ ತಿರುಗುತ್ತಿರುತ್ತಿತ್ತು. ಮಧ್ಯಾಹ್ನದ ಊಟಕ್ಕೆ ತನ್ನ ಪೇಂಟಿನ ಅಂಗಡಿಯಿಂದ ಬಂದ ಶಿಹಾಬ್ ಕೆಲವೊಮ್ಮೆ ಇನ್ನೂ ಮನೆಯಲ್ಲೇ ಇರುತ್ತಿದ್ದ. ಗೇಟು ಕಿರ್ ಎಂದ ಕೂಡಲೇ ಒಳಗಿನಿಂದ ಅವನ ಕೆಮ್ಮು ಕೇಳುತ್ತಿತ್ತು. ಹಾಗೆ ಕೆಮ್ಮುವ ಗಂಡಸು ಯಾವುದನ್ನು ನಂದಿಸಿ ಯಾವುದನ್ನು ಎಸೆದಿರಬಹುದು? ಹೋದ ವರ್ಷ ಎದೆನೋವು ಬಂದು ಮಂಗಳೂರಿನಲ್ಲಿ ಅವನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ಇನ್ನೊಂದು ಸಿಗರೇಟು ಸೇದಿದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವನು ತಮಾಷೆಯಾಗಿ ಎಲ್ಲರಿಗೂ ಹೇಳುತ್ತಿದ್ದ. ಆದರೆ ಆಸ್ಪತ್ರೆಯ ಮಂಚದ ಮೇಲೆ, ಎಂಟು ವರ್ಷದ ಮಗಳು ಆಫ್ರಾಳ ತಲೆಯ ಮೇಲೆ ಕೈಯಿಟ್ಟು ಇನ್ನು ಮುಟ್ಟುವುದಿಲ್ಲ ಎಂದಾಗ ಅವನ ಗಂಟಲಲ್ಲಿ ತಮಾಷೆ ಇರಲಿಲ್ಲ. "ಮಗುವಿನ ತಲೆ ಮೇಲೆಲ್ಲ ಆಣೆ ಹಾಕ್ಬಾರ್ದು, ಕೈ ತೆಗಿ," ಎಂದು ಹವ್ವಮ್ಮ ಗದರಿ ಅವನ ಕೈ ತೆಗೆಸಿದ್ದರು. ಕೈ ತೆಗೆದರೆ ಆಣೆ ಹೋಗುತ್ತದೆಯೇ? ನಶೀದಾಳ ಲೆಕ್ಕದಲ್ಲಿ ಹೋಗಿರಲಿಲ್ಲ. ಆಫ್ರಾಳಿಗೆ ಉಬ್ಬಸ ಬಂದ ಪ್ರತಿ ಸಲವೂ ಅವಳು ಮೊದಲು ನೋಡುತ್ತಿದ್ದುದು ಮಗಳ ಮುಖವನ್ನಲ್ಲ, ಗಂಡನ ಮುಖವನ್ನು.

ಅವಳು ಗಂಡನ ಅಂಗಿ ಮೂಸಲು ಶುರುಮಾಡಿದ್ದು ಹೀಗೆ. ಒಗೆಯುವ ಬಕೆಟ್ಟಿಗೆ ಹಾಕುವ ಮುಂಚೆ ಕಾಲರು, ಕಿಸೆ, ತೋಳಿನ ಅಂಚು. ಬೆವರು, ಅಂಗಡಿಯ ಪೇಂಟಿನ ಡಬ್ಬಿಯ ವಾಸನೆ, ಒಮ್ಮೊಮ್ಮೆ ಸಣ್ಣಗೆ ತಂಬಾಕು, ಇದೆಯೋ ಇಲ್ಲವೋ ಎನ್ನುವಷ್ಟು. ಸುಳ್ಯದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವಳ ತಂದೆ ಜೀವಮಾನದಲ್ಲಿ ಒಂದು ಬೀಡಿ ಹಚ್ಚಿದವರಲ್ಲ. ಅವಳ ಮೂಗಿಗೆ ತಂಬಾಕು ಎಂದರೆ ಒಂದೇ ವಾಸನೆ. ಒಂದು ಬೆಳಿಗ್ಗೆ ಆಫ್ರಾ ಬಚ್ಚಲಿನ ಬಾಗಿಲಲ್ಲಿ ನಿಂತು, "ಉಮ್ಮ, ಉಪ್ಪನ ಅಂಗಿ ಯಾಕೆ ಮೂಸುದು?" ಎಂದು ಕೇಳಿದಳು. "ಒಗೀಬೇಕಾ ಬೇಡ್ವಾ ಅಂತ ನೋಡ್ಲಿಕ್ಕೆ," ಎಂದಳು ನಶೀದಾ. ಮಾರನೆಯ ದಿನ ಮಗಳು ತನ್ನ ಯೂನಿಫಾರ್ಮನ್ನು ಮೂಗಿಗೆ ಹಿಡಿದು, ಗಂಭೀರವಾಗಿ, "ಇದು ಒಗೀಬೇಕು," ಎಂದು ಬಕೆಟ್ಟಿಗೆ ಹಾಕಿದಾಗ ನಶೀದಾಳಿಗೆ ತಾನು ಮಗುವಿಗೆ ಏನನ್ನು ಕಲಿಸುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆ ನಾಚಿಕೆಯಲ್ಲಿಯೇ ದೀಪದ ಯೋಚನೆ ಹುಟ್ಟಿದ್ದು. ಮೂಸುವುದಕ್ಕಿಂತ ನೋಡುವುದು ಮರ್ಯಾದೆ. ಕತ್ತಲ ಮೂಲೆಯೇ ಇಲ್ಲದ ಮನೆಯಲ್ಲಿ ಯಾರು ಎಲ್ಲಿ ನಿಂತು ಏನು ಮಾಡಲು ಸಾಧ್ಯ? "ಆ ಮೂಲೆಗೊಂದು ಫ್ಲೋರ್ ಲ್ಯಾಂಪ್ ಇಟ್ರೆ ಹಾಲ್ ಎಷ್ಟು ಚಂದ ಆಗ್ತದೆ," ಎಂದು ಅವಳು ಊಟದ ಹೊತ್ತಿಗೆ ಹೇಳಿದಾಗ ಶಿಹಾಬ್ ತುತ್ತು ನುಂಗಿ, "ಅಲ್ಲಿ ಲೈಟ್ ಎಂತಕ್ಕೆ ಮಾರಾಯ್ತಿ, ಅಲ್ಲಿ ಯಾರು ಕೂರುದು?" ಎಂದ. ಕೇಳಿದ್ದು ಅವಳನ್ನು, ನೋಡಿದ್ದು ತನ್ನ ಉಮ್ಮನನ್ನು. ಎಲ್ಲಿಗೂ ಬರಲೊಲ್ಲದ ಹವ್ವಮ್ಮ, ತಾನೂ ಪುತ್ತೂರಿಗೆ ಬರುತ್ತೇನೆ, ಸುಮ್ಮನೆ ನೋಡ್ಲಿಕ್ಕೆ, ಎಂದರು.

ಸುಮ್ಮನೆ ನೋಡಲು ಬಂದವರು ಅಂಗಡಿಯ ಮೂಲೆಯಲ್ಲಿದ್ದ ಕಪ್ಪು ಕಬ್ಬಿಣದ ಒಂದು ದೀಪದ ಹತ್ತಿರ ಎದ್ದು ಹೋಗಿ ನಿಂತಿದ್ದರು. ತೆಳ್ಳಗಿನ ಕಂಬ, ಉದ್ದ ಕತ್ತು, ಕೊನೆಗೆ ಚಿಪ್ಪಿನಂಥ ತಲೆ. "ಇದು ತಲೆ ಬಗ್ಗಿಸ್ತದಾ?" "ಎಷ್ಟು ಬೇಕಾದ್ರೂ ಬಗ್ಗಿಸ್ತದೆ ಉಮ್ಮ. ಬಗ್ಗಿಸಿದಲ್ಲಿ ನಿಲ್ತದೆ," ಎಂದ ಅಂಗಡಿಯವ. "ಹಾಗಾದ್ರೆ ನನ್ನ ಹಾಗೆ," ಎಂದ ಶಿಹಾಬ್. ವೆಂಕಟ್ರಮಣ ದೀಪದ ಕತ್ತನ್ನು ನೆಲದ ಮಟ್ಟಕ್ಕೆ ತಂದು ತೋರಿಸಿದ. ಬೆಳಕು ಒಂದು ಗೆರಸೆಯಷ್ಟು ಅಗಲಕ್ಕೆ ಬಿತ್ತು. ಹವ್ವಮ್ಮ ಆ ವೃತ್ತವನ್ನು ನೋಡುತ್ತಾ ನಿಂತರು. "ಇದೇ ಆಗಬಹುದು. ಅಕ್ಕಿ ಆರಿಸ್ಲಿಕ್ಕೆ ಆಗ್ತದೆ." ಯಾವ ಅಕ್ಕಿ? ಪ್ಯಾಕೆಟ್ಟಿನಲ್ಲಿ ಬರುವ ಅಕ್ಕಿಯಲ್ಲಿ ಕಲ್ಲು ಸಿಕ್ಕಿ ಎಷ್ಟು ವರ್ಷವಾಯಿತು? ಶಿಹಾಬ್ ಮಾತ್ರ ಬಟ್ಟೆಯ ಕೊಡೆಯದ್ದೇ ಸಾಕು ಎನ್ನುತ್ತಿದ್ದ, ಅದರ ಬೆಳಕು ಮೆತ್ತಗಿದೆ, ಕಣ್ಣಿಗೆ ಹಿತ. ತಾಯಿಗೆ ಬೇಕಾದ್ದು ಒಂದೇ ಕಡೆ ಬೀಳುವ ಬೆಳಕು, ಮಗನಿಗೆ ಬೇಕಾದ್ದು ಎಲ್ಲಿಯೂ ಸರಿಯಾಗಿ ಬೀಳದ ಬೆಳಕು. ಇಬ್ಬರೂ ಮಾತಾಡಿಕೊಂಡೇ ಬಂದಿದ್ದಾರೆ ಎಂದು ನಶೀದಾಳಿಗೆ ಖಾತ್ರಿಯಾಯಿತು. ಉಮ್ಮನಿಗೆ ಗೊತ್ತಿದೆ. ಮಗ ಸೇದುವುದನ್ನು ಉಮ್ಮ ಮುಚ್ಚಿಡುತ್ತಿದ್ದಾರೆ. ಅವಳು ಆಳೆತ್ತರದ, ಬಿಳಿ ಟ್ಯೂಬಿನ, ಯಾರೂ ಕೊಳ್ಳದೆ ಪ್ಲಾಸ್ಟಿಕ್ಕಿನೊಳಗೆ ಧೂಳು ಹಿಡಿದಿದ್ದ ದೀಪವನ್ನು ತೋರಿಸಿ, "ಇದೇ ಕೊಡಿ," ಎಂದಳು. "ಆಪರೇಶನ್ ಥಿಯೇಟರಿನ ಹಾಗೆ ಕಾಣ್ತದೆ ಅಕ್ಕ, ಮನೆಯಲ್ಲಿ," ಎಂದ ವೆಂಕಟ್ರಮಣ. "ಪರವಾಗಿಲ್ಲ." "ಬೇಡ ಅನಿಸಿದ್ರೆ ಒಂದು ವಾರದೊಳಗೆ ತನ್ನಿ, ಬದಲಿಸಿ ಕೊಡುವ." ತಿರುಗಿ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಹವ್ವಮ್ಮ ಆ ಉದ್ದದ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಅದರ ಮೇಲೆ ಎರಡೂ ಕೈಗಳನ್ನು ಇಟ್ಟುಕೊಂಡು ಕೂತಿದ್ದರು. ಕನ್ನಡಿಯಲ್ಲಿ ನಶೀದಾಳಿಗೆ ಕಂಡದ್ದು ಆ ಕೈಗಳು. ಬೆರಳುಗಳು ತಮ್ಮಷ್ಟಕ್ಕೆ ಏನನ್ನೋ ಸುತ್ತುತ್ತಿದ್ದವು. ವಯಸ್ಸಾಯಿತು, ನಡುಕ ಎಂದುಕೊಂಡಳು.

ಶಿಹಾಬ್ ದೀಪವನ್ನು ಜೋಡಿಸಿ ಸೋಫಾದ ಪಕ್ಕ ನಿಲ್ಲಿಸಿದ. ನಶೀದಾ ಅದನ್ನು ಎತ್ತಿ ಮೆಟ್ಟಿಲ ಕೆಳಗೆ ಇಟ್ಟು ಸ್ವಿಚ್ಚು ಒತ್ತಿದಳು. ಗೋಡೆಯಲ್ಲಿ ಪೇಂಟಿನವನ ಬ್ರಷ್ಷು ತಪ್ಪಿದ ಜಾಗ, ಜೇಡರ ಬಲೆ, ಹವ್ವಮ್ಮ ಬೆನ್ನು ನೋವಿಗೆ ಹಚ್ಚುವ ಎಣ್ಣೆಯ ಒಂದು ಕಲೆ, ಎಲ್ಲ ಒಮ್ಮೆಲೇ ಹೊರಗೆ ಬಂದವು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಪಕ್ಕದ ಮನೆಯ ಕಮಲಾವತಿ ಬಂದಳು. ಎರಡು ದಿನಕ್ಕೊಮ್ಮೆ ಬರುವವಳು, ಕೈಯಲ್ಲಿ ಯಾವಾಗಲೂ ಒಂದು ಬಟ್ಟೆಯ ಚೀಲ, ಮೇಲೆ ಕಾಣುವಂತೆ ಬಸಳೆ. "ಅಬ್ಬಾ, ಎಂತ ಬೆಳಕು! ಇನ್ನು ಇಲ್ಲಿ ಕೂರುದು ಹೇಗೆ?" ಎಂದವಳು ಹವ್ವಮ್ಮನ ಮುಖ ನೋಡಿ ನಿಲ್ಲಿಸಿದಳು. "ಯಾರು ಕೂರುದು?" ಎಂದು ನಶೀದಾ ಕೇಳಿದಳು. "ಯಾರಾದ್ರೂ... ಬಂದವರು," ಎಂದು ಕಮಲಾವತಿ ಬಸಳೆಯನ್ನು ಮಾತ್ರ ಮೇಜಿನ ಮೇಲಿಟ್ಟು, ಇನ್ನೂ ಭಾರವಾಗಿದ್ದ ಚೀಲವನ್ನು ಹೆಗಲಿಗೇರಿಸಿ ಹೊರಟೇಹೋದಳು. ಚಹಾ ಕುಡಿಯದೆ ಹೋದವಳೇ ಅಲ್ಲ ಅವಳು. ಹಾಗಾದರೆ ಪಕ್ಕದ ಮನೆಗೂ ಗೊತ್ತು. ತನ್ನೊಬ್ಬಳಿಗೆ ಗೊತ್ತಿಲ್ಲದ್ದು ಊರಿಗೆಲ್ಲ ಗೊತ್ತು. ಶಿಹಾಬ್ ಕೈ ತೊಳೆಯಲು ಹೋದ, ಹವ್ವಮ್ಮ ಕೋಣೆಗೆ ಹೋದರು. ನಶೀದಾ ಬಾಗಿಲ ಕಡೆ ಒಮ್ಮೆ ನೋಡಿ ನೆಲಕ್ಕೆ ಕೂತಳು, ಮತ್ತೆ ಮಲಗಿ ಕೆನ್ನೆಯನ್ನು ಟೈಲ್ಸಿಗೆ ಒತ್ತಿದಳು. ತಣ್ಣಗಿತ್ತು. ಮೂವತ್ತೆಂಟು ವರ್ಷದ ಹೆಂಗಸು, ಹೊಲಿಗೆ ಟೀಚರು, ತನ್ನದೇ ಮನೆಯಲ್ಲಿ ಹೀಗೆ ಬಿದ್ದುಕೊಂಡು ಇರುವೆಯ ಕಣ್ಣಿನಿಂದ ನೋಡುತ್ತಿದ್ದಾಳೆ. ಎರಡು ಟೈಲ್ಸಿನ ನಡುವಿನ ಗೆರೆಯಲ್ಲಿ ಕಂದು ಪುಡಿ ಸಾಲಾಗಿ ಕೂತಿತ್ತು. ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡು ಮೂಸಿದಳು. ಅದೇ. ಸೀನು ಬಂತು. ಸಿಕ್ಕಿತಲ್ಲ ಎಂಬ ಖುಷಿ, ಅಯ್ಯೋ ಸಿಕ್ಕಿತಲ್ಲ ಎಂಬ ಭಯ, ಎರಡೂ ಒಟ್ಟಿಗೇ ಬಂದವು.

ಅವನು ಕೈ ಒರಸುತ್ತಾ ಬಂದಾಗ ಅವಳು ಅಂಗೈ ಬಿಡಿಸಿ ಹಿಡಿದಳು. "ಇದು ಎಂತ?" ಧ್ವನಿ ಸಣ್ಣದಾಗಿತ್ತು. ಶಿಹಾಬ್ ಅಂಗೈಯನ್ನು ನೋಡಲಿಲ್ಲ. ಅವಳ ಹೆಗಲ ಮೇಲಿನಿಂದ ಹಿಂದಕ್ಕೆ ನೋಡಿದ, ಒಂದು ಕ್ಷಣ, ಮತ್ತೆ ಹೇಳಿದ: "ನನ್ನದೇ." ಅಷ್ಟೇ. ವಾದವಿಲ್ಲ, ತಡವರಿಕೆಯಿಲ್ಲ. ಅವಳು ಮೂರು ವಾರದಿಂದ ಅವನ ಬಾಯಿಯಿಂದ ಬರಲಿ ಎಂದು ಕಾದಿದ್ದ ಮಾತು ಬಂದುಬಿಟ್ಟಿತ್ತು. ಆದರೆ ಬಂದ ರೀತಿ ಸರಿಯಿರಲಿಲ್ಲ. ಆಫ್ರಾಳ ತಲೆ ಮುಟ್ಟಿದವನು ಹೀಗೆ ಹೇಳುತ್ತಾನೆಯೇ, ಬಾಗಿಲಲ್ಲಿ ಪೋಸ್ಟು ಬಂದಾಗ ಹೆಸರು ಹೇಳುವ ಹಾಗೆ? ಅವಳು ತಲೆ ಬಗ್ಗಿಸಿ ಮತ್ತೊಮ್ಮೆ ಅಂಗೈ ನೋಡಿದಳು. ಬಿಳಿ ಬೆಳಕಿನಲ್ಲಿ ಪ್ರತಿಯೊಂದು ಕಣವೂ ಬೇರೆಬೇರೆಯಾಗಿ ಕಾಣುತ್ತಿತ್ತು. ಅದರಲ್ಲಿ ಬೂದಿಯಿಲ್ಲ, ಸುಟ್ಟದ್ದು ಯಾವುದೂ ಇಲ್ಲ. ಪುಡಿಯ ನಡುವೆ ಒಂದು ಬೆರಳ ಉಗುರಿನಷ್ಟು ಉದ್ದದ ಗುಲಾಬಿ ನೂಲು. ದಿನವಿಡೀ ನೂಲಿನಲ್ಲೇ ಇರುವವಳು ಅವಳು, ಇದು ತನ್ನ ಪೆಟ್ಟಿಗೆಯದ್ದಲ್ಲ. ಹೊಲಿಯುವ ನೂಲಿಗೆ ಇರುವ ಹೊಳಪು ಇದಕ್ಕಿಲ್ಲ, ಒರಟು, ತೆಳು, ಕಟ್ಟಿ ಹಲ್ಲಿನಿಂದ ಕಡಿಯುವ ನೂಲು. ತಿರುಗಿ ನೋಡಿದಳು. ಕೋಣೆಯ ಬಾಗಿಲಲ್ಲಿ ಹವ್ವಮ್ಮ ನಿಂತಿದ್ದರು. ಬಲಗೈಯ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಮದುವೆಯಾಗಿ ಬಂದಾಗ ನೋಡಿದ ಉಗುರು, ಬೀಡಿಯ ಬಾಯಿಯನ್ನು ಒಳಗೆ ಮಡಚಿ ಒತ್ತುವ ಉಗುರು. ನಡುವೆ ಮೂರು ವರ್ಷ ಅದು ಉಳಿದವುಗಳಂತೆ ಗಿಡ್ಡವಾಗಿಯೇ ಇತ್ತು. ಯಾವಾಗ ಮತ್ತೆ ಬೆಳೆಯಿತು? ಅನ್ನ ಬಡಿಸುವಾಗ, ಆಫ್ರಾಳ ಜಡೆ ಹಾಕುವಾಗ, ದಿನಕ್ಕೆ ಎಷ್ಟು ಸಲ ಈ ಕೈ ತನ್ನ ಕಣ್ಣೆದುರು ಹಾದುಹೋಗಿದೆ. ತಾನು ನೋಡುತ್ತಿದ್ದುದು ಬೇರೆ ಕೈಯನ್ನು. "ಸರಿ," ಎಂದಳು ನಶೀದಾ, ಯಾರಿಗೆಂದು ಹೇಳದೆ. ಅಂಗೈಯನ್ನು ಮುಚ್ಚಿ ಅಡುಗೆ ಕೋಣೆಗೆ ಹೋಗಿ ನಲ್ಲಿ ತಿರುಗಿಸಿದಳು. ನೂಲನ್ನು ಮಾತ್ರ ನೀರಿಗೆ ಬಿಡಲಿಲ್ಲ.

ಹವ್ವಮ್ಮ ಪೆರಾಬೆಯ ಬಾಡಿಗೆ ಮನೆಯಲ್ಲಿ ಬೀಡಿ ಕಟ್ಟಿಯೇ ಶಿಹಾಬನನ್ನು ಓದಿಸಿದವರು. ಅವನು ಸೌದಿಯ ಜುಬೈಲಿನಲ್ಲಿ ದುಡಿದು ಬಂದು ಮನೆ ಕಟ್ಟಿಸಿದ ಮೇಲೂ ಅವರು ಎಲೆ, ತಂಬಾಕು ತುಂಬಿದ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಲ್‌ನ ಕಿಟಕಿಯ ಹತ್ತಿರ ಕೂರುತ್ತಿದ್ದರು. ಹೊಸ ಬಿಳಿ ಟೈಲ್ಸು, ಆಫ್ರಾಳ ಉಬ್ಬಸ, ಬಂದವರ ಕಣ್ಣು. "ಇನ್ನು ಯಾಕೆ ಉಮ್ಮ, ಕೈಗೆ ಸ್ವಲ್ಪ ವಿಶ್ರಾಂತಿ ಕೊಡಿ," ಎಂದು ನಶೀದಾ ಎಷ್ಟು ಮೆದುವಾಗಿ ಹೇಳಿದ್ದಳು! ಹವ್ವಮ್ಮ ಗೆರಸೆ, ಕತ್ತರಿ, ಎಲೆ ಅಳೆಯುವ ತಗಡು ಎಲ್ಲವನ್ನೂ ಅವಳ ಕೈಗೆ ಕೊಟ್ಟಿದ್ದರು, ಮನೆಯ ಬೀಗದ ಕೈ ಒಪ್ಪಿಸುವವರಂತೆ. ಅವಳು ಅದನ್ನು ಸೌದೆಯ ಕೊಟ್ಟಿಗೆಯಲ್ಲಿ ಇಟ್ಟು ಬಂದು ಆ ದಿನ ಅವರಿಗೆ ಇಷ್ಟವೆಂದು ಎಣ್ಣೆಯಲ್ಲಿ ಕರಿಯುವ ಅಕ್ಕಿಯ ನೈಪತ್ತಿರಿ ಮಾಡಿದ್ದಳು. ಮಗುವಿನ ಎದೆಗೋಸ್ಕರ ಮಾಡಿದ್ದು ಸುಳ್ಳಲ್ಲ. ಆದರೆ ಮಗುವಿನ ಎದೆ ಬರುವ ಮುಂಚೆಯೇ ಟೈಲ್ಸು ಮನಸ್ಸಿಗೆ ಬಂದಿತ್ತಲ್ಲ, ಅದನ್ನು ಯಾರಿಗೆ ಹೇಳುವುದು? ಆ ಮೆದು ಮಾತಿನ ಅಡಿಯಲ್ಲಿ ಏನಿತ್ತೆಂದು ಹವ್ವಮ್ಮನಿಗೆ ಅಂದೇ ಗೊತ್ತಾಗಿರಬೇಕು. ಗೊತ್ತಾಗಿಯೂ ನೈಪತ್ತಿರಿ ತಿಂದಿದ್ದರು, ಎರಡು ಹೆಚ್ಚೇ.

ಮರುದಿನ ಬೆಳಿಗ್ಗೆ ಶಿಹಾಬ್ ಅಂಗಡಿಗೆ, ಆಫ್ರಾ ಶಾಲೆಗೆ ಹೋದ ಮೇಲೆ ಅವಳು ಆಟೋದಲ್ಲಿ ದೀಪವನ್ನು ಪುತ್ತೂರಿಗೆ ಒಯ್ದಳು. "ನಾನು ಹೇಳಿದ್ದೆನಲ್ಲ ಅಕ್ಕ, ಆಪರೇಶನ್ ಥಿಯೇಟರ್," ಎಂದ ವೆಂಕಟ್ರಮಣ. "ಆಪರೇಶನ್ ಆಯ್ತು," ಎಂದು ಅವಳು ಕಪ್ಪು ಕತ್ತಿನ ದೀಪವನ್ನು ತೋರಿಸಿದಳು. ಮನೆಗೆ ತಂದು ಮೆಟ್ಟಿಲ ಕೆಳಗೆ ಇಡಲಿಲ್ಲ. ಹಿಂದಿನ ಜಗಲಿ ರಸ್ತೆಗೆ ಕಾಣುವುದಿಲ್ಲ, ಗಾಳಿ ಆಡುತ್ತದೆ, ಆದರೆ ಸೂರು ತಗ್ಗಾಗಿರುವುದರಿಂದ ಹಗಲೂ ಮಬ್ಬು. ಅಲ್ಲಿ ಚಾಪೆ ಹಾಸಿ, ದೀಪದ ಕತ್ತನ್ನು ಬಗ್ಗಿಸಿ, ಹಾಲ್‌ನ ಬಾಗಿಲು ಎಳೆದುಕೊಂಡಳು. ಕೊಟ್ಟಿಗೆಯಲ್ಲಿ ಗೆರಸೆ ಇಟ್ಟ ಜಾಗದಲ್ಲಿ ಗೆರಸೆ ಇರಲಿಲ್ಲ, ಕಾವಿಗೆ ಕೂತ ಕೋಳಿ ಮಾತ್ರ ಇತ್ತು. ಅಂದರೆ ಅದು ಯಾವಾಗಲೋ ಅಲ್ಲಿಂದ ಎದ್ದುಹೋಗಿದೆ. ಅವಳು ಹವ್ವಮ್ಮನ ಕೋಣೆಯ ಬಾಗಿಲಲ್ಲಿ ನಿಂತು, "ಉಮ್ಮ, ಗೆರಸೆ ಎಲ್ಲಿಟ್ಟಿದ್ದೀರಿ? ದೀಪ ಬಂತು," ಎಂದಳು. ಒಳಗೆ ಮಂಚದ ಕೆಳಗಿನಿಂದ ಏನನ್ನೋ ಎಳೆಯುವ ಸದ್ದು.

"ನಿನಗೆ ವಾಸನೆಯಲ್ಲೇ ಗೊತ್ತಾಗ್ತದೆ ಅಂತ ನಾನು ಮೊದಲ ದಿನವೇ ಹೆದರಿದ್ದೆ ಮೋಳೆ," ಎಂದರು ಹವ್ವಮ್ಮ, ಮಗಳನ್ನು ಕರೆಯುವಂತೆ ಕರೆದು, ಚಾಪೆಯ ಮೇಲೆ ಕಾಲು ಚಾಚುತ್ತಾ. "ಸೇದಿದ ವಾಸನೆ ಬೇರೆ, ಕಟ್ಟುವ ವಾಸನೆ ಬೇರೆ. ಬೀಡಿ ಕಟ್ಟುವ ಮನೆಯ ಮಕ್ಕಳು ನಿದ್ದೆಯಲ್ಲೂ ಹೇಳ್ತಾರೆ." "ನಮ್ಮದು ಬಟ್ಟೆ ಅಂಗಡಿ," ಎಂದಳು ನಶೀದಾ. "ಹೌದಲ್ಲ, ಅದು ಮರ್ತೇ ಹೋಗಿತ್ತು." ತಾನೂ ಬೀಡಿ ಕಟ್ಟುವ ಕಮಲಾವತಿಯ ಪಾಸ್‌ಬುಕ್ಕಿನ ಲೆಕ್ಕಕ್ಕೆ ಸೇರಿಸಿ ಬೀಡಿ ಡಿಪೋಗೆ ಕೊಡುವುದಂತೆ, ಚೀಲದಲ್ಲಿ ಎಲೆ ಬರುವುದು, ಬೀಡಿ ಹೋಗುವುದು, ಮೇಲೆ ಬಸಳೆ. "ಯಾಕೆ ಉಮ್ಮ? ಎಂತ ಕಡಿಮೆಯಾಗಿತ್ತು?" "ಎಂತದ್ದೂ ಇಲ್ಲ. ಸುಮ್ಮನೆ ಕೂತ್ರೆ ಈ ಕೈ ನನ್ನದೇ ಅಲ್ಲ ಅನಿಸ್ತದೆ. ಯಾರದ್ದೋ ಎರಡು ಕೈ ತಂದು ಮಡಿಲಲ್ಲಿ ಇಟ್ಟ ಹಾಗೆ." ಹೇಳುತ್ತಲೇ ಆ ಕೈ ಒದ್ದೆ ಎಲೆಯನ್ನು ಕತ್ತರಿಸಿ, ಪುಡಿ ಇಟ್ಟು, ಸುತ್ತಿ, ಉಗುರಿನಿಂದ ಬಾಯಿ ಒತ್ತಿ ಮುಚ್ಚಿ, ನೂಲು ಸುತ್ತಿತ್ತು. ನಶೀದಾ ನೆಲಕ್ಕೆ ಬಿದ್ದ ಪುಡಿಯನ್ನು ನೋಡಿ, "ಆಫ್ರಾ ಬರುವ ಮುಂಚೆ ಜಗಲಿ ತೊಳೀಬೇಕು, ಕೈಗೆ ಸೋಪು ಹಾಕ್ಬೇಕು," ಎಂದಳು. "ಆಗ್ಲಿ." "ಅವ್ರು ನಿನ್ನೆ ಯಾಕೆ 'ನನ್ನದೇ' ಅಂದದ್ದು?" ಹವ್ವಮ್ಮನ ಬೆರಳು ನಿಲ್ಲಲಿಲ್ಲ. "ನಾನೇ ಆಣೆ ಹಾಕಿಸಿದ್ದು, ನಿನಗೆ ಹೇಳ್ಬಾರ್ದು ಅಂತ. ನೀನು ಅಂಗಿ ಮೂಸುದು ಅವನಿಗೆ ಗೊತ್ತುಂಟು. 'ನಾನೇ ಅವಳಿಗೆ ಹೇಳ್ತೇನೆ ಮೋನೆ, ಪಾಪ ಒದ್ದಾಡ್ತಾಳೆ' ಅಂದೆ ಮಗನ ಹತ್ರ. 'ಮೂಸ್ಲಿ ಉಮ್ಮ, ಸಿಗುದಿಲ್ಲವಲ್ಲ' ಅಂದ."

ಸಿಗುವುದಿಲ್ಲವಲ್ಲ. ಸೇದುವುದಿಲ್ಲವಾದ್ದರಿಂದ ಸಿಗುವುದಿಲ್ಲ ಎಂದೋ, ಸಿಗದ ಹಾಗೆ ಮಾಡುವುದು ಗೊತ್ತು ಎಂದೋ? ನಶೀದಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಉಮ್ಮನಿಗಾಗಿ ತನ್ನ ಮೇಲೆ ಕಳಂಕ ಎಳೆದುಕೊಂಡವನ ಮಾತನ್ನು ಅವಳು ಮತ್ತೆ ಬಟ್ಟೆಯಂತೆ ತಿರುವಿ ಒಳಮೈ ನೋಡುತ್ತಿದ್ದಾಳೆ. ಆದರೆ "ನನ್ನದೇ" ಎಂದದ್ದು ಎಷ್ಟು ಸಲೀಸು. ಸುಳ್ಳು ಅಷ್ಟು ಸಲೀಸಾಗಿ ಬರುವ ಬಾಯಿಯಿಂದ ಹೋದ ವರ್ಷ ಆಸ್ಪತ್ರೆಯಲ್ಲಿ ಬಂದದ್ದು ಯಾವ ಜಾತಿಯ ಮಾತು? ಹೊಲಿಗೆಯ ತರಗತಿಗೆ ಇನ್ನೂ ಹೊತ್ತಿತ್ತು. ಯೋಚನೆಯನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಚಾಪೆಯ ಅಂಚಿಗೆ ಕೂತು, ಕಟ್ಟಿಟ್ಟ ಬೀಡಿಗಳನ್ನು ಇಪ್ಪತ್ತೈದರಂತೆ ಒಟ್ಟುಮಾಡಿ ಗುಲಾಬಿ ನೂಲು ಸುತ್ತತೊಡಗಿದಳು. "ಬಿಗಿ ಸಾಕು, ಮುರೀತದೆ," ಎಂದರು ಹವ್ವಮ್ಮ. ಮತ್ತೆ ಸ್ವಲ್ಪ ಹೊತ್ತಿಗೆ, "ಬೆಳಕು ಒಂಚೂರು ಎಡಕ್ಕೆ." ಅವಳು ಕೈ ಚಾಚಿ ದೀಪದ ಕತ್ತನ್ನು ಎಡಕ್ಕೆ ತಿರುಗಿಸಿದಳು. ತಿರುಗಿಸಿದಲ್ಲಿ ನಿಂತಿತು.

ಗೇಟು ಕಿರ್ ಎಂದಾಗ ಒಂದೂವರೆ. ಇವತ್ತು ಕೆಮ್ಮಿ ಉಮ್ಮನನ್ನು ಎಚ್ಚರಿಸುವವರು ಒಳಗೆ ಯಾರೂ ಇರಲಿಲ್ಲ. ಅವಳು ಸೀರೆಗೆ ಕೈ ಒರಸಿಕೊಂಡು ಎದ್ದು, ಜಗಲಿಯ ಬಾಗಿಲನ್ನು ಹಿಂದೆ ಮುಚ್ಚಿ, ಒಲೆಯ ಮೇಲಿದ್ದ ಜೀರಿಗೆ ನೀರನ್ನು ಲೋಟಕ್ಕೆ ಹೊಯ್ದು ತಂದಳು. ಶಿಹಾಬ್ ಮೆಟ್ಟಿಲ ಕೆಳಗಿನ ಖಾಲಿ ಮೂಲೆಯನ್ನು ನೋಡುತ್ತಾ ನಿಂತಿದ್ದ. "ದೀಪ ಎಲ್ಲಿ?" "ಬದಲಿಸಿದೆ." ಅವನು ಲೋಟ ತೆಗೆದುಕೊಂಡ, ತುಟಿಗೆ ತಂದ, ಕುಡಿಯಲಿಲ್ಲ. ಅವಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿ ಬೆರಳಿನ ತುದಿಗಳನ್ನು ಮೂಗಿನ ಹತ್ತಿರ ತಂದ. ಮತ್ತೆ ಅವುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದಾಗಿ, ಅಂಗಡಿಯಲ್ಲಿ ಅವಳು ಅವನ ಬೆರಳುಗಳನ್ನು ನೋಡಿದ ಹಾಗೆಯೇ ನೋಡಿದ. ಆ ನೋಟ ತನ್ನ ಮೇಲೆ ಬಿದ್ದರೆ ಹೇಗಿರುತ್ತದೆ ಎಂದು ಅವಳಿಗೆ ಈಗ ಗೊತ್ತಾಯಿತು. ತಪ್ಪು ಮಾಡದಿದ್ದರೂ ಬೆರಳುಗಳು ತಾವಾಗಿ ಮುಚ್ಚಿಕೊಳ್ಳಲು ನೋಡುತ್ತವೆ.

"ಇದು ಎಂತ ವಾಸನೆ?" ಎಂದ ಶಿಹಾಬ್.

ಅವಳು ಅವನ ಹೆಗಲ ಮೇಲಿನಿಂದ ಮುಚ್ಚಿದ ಬಾಗಿಲನ್ನು ಒಂದು ಕ್ಷಣ ನೋಡಿದಳು. ಅದರ ಹಿಂದಿನ ಗುಟ್ಟು ತನಗೂ ಗೊತ್ತಾದದ್ದು ಅವನಿಗಿನ್ನೂ ಗೊತ್ತಿರಲಿಲ್ಲ.

"ನನ್ನದೇ," ಎಂದಳು.